‘ಪಿಎಫ್‌ಒಎ ಮುಕ್ತ’ ನಾನ್‌ಸ್ಟಿಕ್ ಪ್ಯಾನ್: ಅಡುಗೆಗೆ ನಾಲ್ಕು ಸ್ಟಾರ್, ಲೇಬಲ್‌ಗೆ ಒಂದೇ

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಪ್ಯಾನ್ ಚೆನ್ನಾಗಿದೆ. ಮೊಟ್ಟೆ ಒಡೆದು ಹಾಕಿದರೆ ಎಣ್ಣೆ ಇಲ್ಲದೆಯೂ ಜಾರುತ್ತದೆ, ತಳ ಎಲ್ಲ ಕಡೆ ಸಮವಾಗಿ ಕಾಯುತ್ತದೆ, ಹಿಡಿ ಅಲ್ಲಾಡುವುದಿಲ್ಲ, ತೊಳೆಯೋದಕ್ಕೆ ಮೆತ್ತನೆ ಸ್ಪಂಜು ಸಾಕು. ಒಂದು ಪ್ಯಾನ್‌ನಿಂದ ಇನ್ನೇನು ಬೇಕು?

ನನ್ನ ತಕರಾರು ಇರುವುದು ಡಬ್ಬಿಯ ಬಗ್ಗೆ. ಮೇಲೆ ದೊಡ್ಡ ಹಸಿರು ಎಲೆ. ಪಕ್ಕದಲ್ಲಿ ‘ಪಿಎಫ್‌ಒಎ ಮುಕ್ತ, ವಿಷಮುಕ್ತ, ಶೇ 100 ಸುರಕ್ಷಿತ’. (ಪಿಎಫ್‌ಒಎ ಅಂದರೆ ಹಿಂದೆ ನಾನ್‌ಸ್ಟಿಕ್ ತಯಾರಿಕೆಯಲ್ಲಿ ಬಳಸುತ್ತಿದ್ದ ಒಂದು ರಾಸಾಯನಿಕ, ಅದರ ಕಥೆ ಮುಂದೆ ಇದೆ.) ಸರಿ, ಹಾಗಾದರೆ ಒಳಗಿನ ಕೋಟಿಂಗ್ ಯಾವುದು? ಡಬ್ಬಿಯನ್ನು ಎಲ್ಲ ಕಡೆ ತಿರುಗಿಸಿ ನೋಡಿದೆ, ಎಲ್ಲೂ ಇಲ್ಲ. ಏನಿಲ್ಲ ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಬರೆದವರು ಏನಿದೆ ಅಂತ ಒಂದು ಸಣ್ಣ ಸಾಲು ಬರೆಯಬಹುದಿತ್ತು ಅಲ್ವಾ?

ಕಸ್ಟಮರ್ ಕೇರ್‌ಗೆ ಬರೆದು ಕೇಳಿದೆ. ‘ನಮ್ಮ ಉತ್ಪನ್ನ ಫುಡ್ ಗ್ರೇಡ್, ಸಂಪೂರ್ಣ ಸುರಕ್ಷಿತ’ ಅಂತ ಉತ್ತರ ಬಂತು. ಇದು ಪಿಟಿಎಫ್‌ಇ ಕೋಟಿಂಗಾ ಅಲ್ವಾ, ಹೌದು ಅಥವಾ ಇಲ್ಲ ಅನ್ನಿ ಸಾಕು ಅಂತ ಮತ್ತೆ ಕೇಳಿದೆ. ಆಗ ಅದೇ ಉತ್ತರ ಇನ್ನೂ ವಿನಯವಾಗಿ ಬಂತು. ಬೆನ್ನು ಬಿಡದೆ ಬರೆದ ಮೇಲೆ ಕೊನೆಗೆ ಒಬ್ಬರು ‘ಹೌದು, ಪಿಟಿಎಫ್‌ಇ’ ಅಂದರು. ಅಂದರೆ ಟೆಫ್ಲಾನ್ ಅಂತ ನಾವೆಲ್ಲ ಕರೆಯುವ ಅದೇ ಹಳೆಯ ವಸ್ತು. 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್‌ಗೆ ಬೇಕಾದ ಅನಿಲದ ಮೇಲೆ ಕೆಲಸ ಮಾಡುತ್ತಿದ್ದಾಗ ಸಿಲಿಂಡರ್ ಒಳಗೆ ಬಿಳಿ ಪುಡಿಯಾಗಿ ಸಿಕ್ಕಿದ್ದು ಇದೇ.

ಇಲ್ಲಿ ಎರಡು ಹೆಸರುಗಳು ಕಲಸಿಹೋಗುತ್ತವೆ, ಕಂಪನಿಗಳಿಗೆ ಬೇಕಾಗಿರುವುದೂ ಅದೇ. ಪಿಟಿಎಫ್‌ಇ ಅಂದರೆ ಪ್ಯಾನ್ ಮೇಲೆ ಕೂತಿರುವ ಪದರ. ಪಿಎಫ್‌ಒಎ ಅಂದರೆ ಆ ಪದರದ ವಸ್ತುವನ್ನು ಕಾರ್ಖಾನೆಯಲ್ಲಿ ತಯಾರಿಸುವಾಗ ಬಳಸುತ್ತಿದ್ದ ಇನ್ನೊಂದು ರಾಸಾಯನಿಕ. ಕೋಟಿಂಗನ್ನು ಜೋರು ಬಿಸಿಯಲ್ಲಿ ಸುಟ್ಟು ಕೂರಿಸುವುದರಿಂದ ಹಳೆಯ ಪ್ಯಾನ್‌ಗಳಲ್ಲೂ ಪಿಎಫ್‌ಒಎ ಉಳಿಯುತ್ತಿದ್ದದ್ದು ತೀರಾ ಕಡಿಮೆ. ಹಾನಿ ಆದದ್ದು ಪ್ಯಾನ್ ಕೊಂಡವರಿಗಿಂತ ಜಾಸ್ತಿ ಕಾರ್ಖಾನೆಯ ಸುತ್ತ ಇದ್ದವರಿಗೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಪಾರ್ಕರ್ಸ್‌ಬರ್ಗ್ ಹತ್ತಿರ ಡುಪಾಂಟ್ ಕಾರ್ಖಾನೆಯಿಂದ ಇದು ಕುಡಿಯುವ ನೀರಿಗೆ ಸೇರಿತು. ಕೋರ್ಟ್ ಕೇಸಿನ ನಂತರ ಸುಮಾರು 69,000 ಜನರ ರಕ್ತ ಪರೀಕ್ಷೆ, ಆರೋಗ್ಯ ತಪಾಸಣೆ ಆಯಿತು. ಕಿಡ್ನಿ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ತೊಂದರೆ, ಕರುಳಿನ ಹುಣ್ಣಿನ ಕಾಯಿಲೆ, ಏರಿದ ಕೊಲೆಸ್ಟ್ರಾಲ್, ಬಸಿರಲ್ಲಿ ಬರುವ ಬಿಪಿ, ಈ ಆರಕ್ಕೂ ಪಿಎಫ್‌ಒಎಗೂ ನಂಟಿರುವ ಸಾಧ್ಯತೆ ಇದೆ ಅಂತ ತಜ್ಞರ ಸಮಿತಿ ಹೇಳಿತು. 2017ರಲ್ಲಿ ಸುಮಾರು 3,550 ಕೇಸುಗಳನ್ನು 67 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರಲ್ಲಿ ಪಿಎಫ್‌ಒಎಯನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವವುಗಳ ಗುಂಪಿಗೆ ಸೇರಿಸಿತು.

ಈಗ ಲೇಬಲ್‌ಗೆ ವಾಪಸ್ ಬನ್ನಿ. ಅಮೆರಿಕದ ದೊಡ್ಡ ತಯಾರಕರು 2015ರ ಹೊತ್ತಿಗೇ ಪಿಎಫ್‌ಒಎ ಬಿಟ್ಟಿದ್ದರು. 2019ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೂ ಸೇರಿತು. ಹೀಗಿರುವಾಗ ‘ಪಿಎಫ್‌ಒಎ ಮುಕ್ತ’ ಅಂತ ಈಗ ಹೆಮ್ಮೆಪಡುವುದು ಹೊಸ ಪೆಟ್ರೋಲ್ ಕಾರಿನ ಮೇಲೆ ‘ಸೀಸ ಮುಕ್ತ’ ಅಂತ ಬರೆದ ಹಾಗೆ. ಸುಳ್ಳಲ್ಲ, ಆದರೆ ಅದರಲ್ಲಿ ಇವರ ಹೆಚ್ಚುಗಾರಿಕೆ ಏನೂ ಇಲ್ಲ.

ಪಿಎಫ್‌ಒಎ ಜಾಗಕ್ಕೆ ಏನು ಬಂತು ಅನ್ನುವುದು ನಿಜವಾದ ಪ್ರಶ್ನೆ. ಅದರ ಬದಲಿಗೆ ಬಂದವುಗಳಲ್ಲಿ ಹೆಸರಾದದ್ದು ಜೆನ್‌ಎಕ್ಸ್. ಅದೂ ಅದೇ ಕುಲದ್ದು, ಪಿಎಫ್‌ಎಎಸ್ ಅನ್ನುವ ಸಾವಿರಾರು ರಾಸಾಯನಿಕಗಳ ಕುಲ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಎಷ್ಟು ಗಟ್ಟಿ ಅಂದರೆ ಮಣ್ಣಲ್ಲಿ, ನೀರಲ್ಲಿ ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ, ಅದಕ್ಕೇ ಇವಕ್ಕೆ ಫಾರೆವರ್ ಕೆಮಿಕಲ್ಸ್ ಅನ್ನುತ್ತಾರೆ. ಜೆನ್‌ಎಕ್ಸ್ ದೇಹದಿಂದ ಬೇಗ ಹೊರಹೋಗುತ್ತದೆ, ಒಪ್ಪುತ್ತೇನೆ. ಪಿಎಫ್‌ಒಎಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ವರ್ಷಗಳೇ ಬೇಕು. ಆದರೆ ಅದೇ ಜೆನ್‌ಎಕ್ಸ್ 2017ರಲ್ಲಿ ನಾರ್ತ್ ಕೆರೊಲಿನಾದ ಕೇಪ್ ಫಿಯರ್ ನದಿಯ ನೀರಲ್ಲಿ ಸಿಕ್ಕಿ ಸುದ್ದಿಯಾಯಿತು, ಆ ನದಿಯ ನೀರನ್ನೇ ಜನ ಕುಡಿಯುತ್ತಿದ್ದರು. ಹೆಸರು ಬದಲಾಯಿತು, ನದಿ ಬದಲಾಯಿತು, ಕಥೆ ಅದೇ. ನನ್ನ ಪ್ಯಾನ್ ತಯಾರಿಸುವಾಗ ಏನು ಬಳಸಿದರು ಅಂತ ಕೇಳಿದ್ದಕ್ಕೆ ಕಸ್ಟಮರ್ ಕೇರ್‌ನಿಂದ ಇನ್ನೂ ಉತ್ತರ ಬಂದಿಲ್ಲ.

ಕ್ಯಾಲಿಫೋರ್ನಿಯಾದವರು ಈ ಆಟ ಹಿಡಿದಿದ್ದಾರೆ. ಅಲ್ಲಿ 2021ರಲ್ಲಿ ಬಂದ ಕಾನೂನಿನ ಪ್ರಕಾರ ಒಂದು ಕುಲದ ಬೇರೆ ರಾಸಾಯನಿಕವನ್ನು ಬೇಕಂತಲೇ ಹಾಕಿ, ಅದೇ ಕುಲದ ಇನ್ನೊಂದರಿಂದ ಮುಕ್ತ ಅಂತ ಪಾತ್ರೆಯ ಮೇಲೆ ಬರೆಯುವ ಹಾಗಿಲ್ಲ. ಪಿಟಿಎಫ್‌ಇ ಕೂಡ ಪಿಎಫ್‌ಎಎಸ್ ಕುಲದ್ದೇ, ಅಂದರೆ ಅದು ಇರುವ ನನ್ನ ಈ ಪ್ಯಾನನ್ನು ಇದೇ ಡಬ್ಬಿಯಲ್ಲಿ ಅಲ್ಲಿ ಮಾರೋಕೆ ಆಗುವುದಿಲ್ಲ. ಅಮೆರಿಕದ ಇನ್ನೊಂದು ರಾಜ್ಯ ಮಿನೆಸೋಟಾ ಇನ್ನೂ ಮುಂದೆ ಹೋಗಿ 2025ರ ಜನವರಿಯಿಂದ ಪಿಎಫ್‌ಎಎಸ್ ಸೇರಿಸಿದ ಅಡುಗೆ ಪಾತ್ರೆಗಳ ಮಾರಾಟವನ್ನೇ ನಿಲ್ಲಿಸಿದೆ.

ಹಾಗಂತ ಈ ಪ್ಯಾನ್‌ನಲ್ಲಿ ಬೇಯಿಸಿ ತಿಂದರೆ ವಿಷ ತಿಂದ ಹಾಗೆ ಅಂತ ನಾನು ಹೇಳುತ್ತಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಆ ಥರದ ಮೆಸೇಜ್‌ಗಳನ್ನು ನಂಬಬೇಡಿ. ಗಟ್ಟಿಯಾದ ಪಿಟಿಎಫ್‌ಇ ಯಾವುದರ ಜೊತೆಗೂ ಬೆರೆಯದ ವಸ್ತು, ಗೀರು ಬಿದ್ದು ಒಂದು ಚೂರು ಹೊಟ್ಟೆಗೆ ಹೋದರೂ ಅರಗದೆ ಹಾಗೇ ಹೊರಗೆ ಹೋಗುತ್ತದೆ. ತೊಂದರೆ ಇರುವುದು ಉರಿಯಲ್ಲಿ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೋಟಿಂಗ್ ಹಾಳಾಗಲು ಶುರುವಾಗುತ್ತದೆ, ಇನ್ನೂ ಏರಿದರೆ ಒಡೆದು ವಿಷದ ಹೊಗೆ ಬಿಡುತ್ತದೆ. ಅದನ್ನು ಉಸಿರಾಡಿದವರಿಗೆ ಮೈಕೈ ನೋವು, ಚಳಿ, ಜ್ವರ ಬರಬಹುದು, ಫ್ಲೂ ಅಂದುಕೊಂಡು ಸುಮ್ನೆ ಮಲಗುತ್ತಾರೆ. ಖಾಲಿ ಪ್ಯಾನನ್ನು ದೊಡ್ಡ ಉರಿಯಲ್ಲಿ ಇಟ್ಟು ಫೋನ್ ಎತ್ತಿಕೊಂಡರೆ 260 ದಾಟೋಕೆ ಕೆಲವೇ ನಿಮಿಷ ಸಾಕು. ಎಣ್ಣೆ ಹಾಕಿದ್ದರೆ ಒಂದು ಅನುಕೂಲ ಇದೆ, ಬಹಳಷ್ಟು ಎಣ್ಣೆಗಳು ಆ ಮಟ್ಟಕ್ಕೆ ಮೊದಲೇ ಹೊಗೆಯಾಡುತ್ತವೆ. ಹೊಗೆ ಕಂಡ ತಕ್ಷಣ ಉರಿ ಇಳಿಸಿ. ಇಷ್ಟು ಮುಖ್ಯವಾದ ವಿಷಯವನ್ನು ಡಬ್ಬಿಯ ಮೇಲೆ ಬರೆಯದೆ, ಒಳಗಿನ ಕಿರುಪುಸ್ತಕದಲ್ಲಿ ‘ಮಧ್ಯಮ ಉರಿ ಬಳಸಿ’ ಅಂತ ಮಾತ್ರ ಹಾಕಿದ್ದಾರೆ. ಯಾಕೆ ಅಂತ ಇಲ್ಲ. ಎಷ್ಟು ಡಿಗ್ರಿ ಅಂತಲೂ ಇಲ್ಲ.

ಜೊತೆಗೆ ಕಪ್ಪು ಪ್ಲಾಸ್ಟಿಕ್‌ನ ಸಟ್ಟುಗ ಫ್ರೀ ಕೊಟ್ಟಿದ್ದಾರೆ. ಅದರ ಬಗ್ಗೆಯೂ ಒಂದು ಮಾತು. ಹಳೆಯ ಟಿವಿ, ಕಂಪ್ಯೂಟರ್‌ಗಳ ಪ್ಲಾಸ್ಟಿಕ್ಕನ್ನು ಕರಗಿಸಿ ಮಾಡಿದ ಕೆಲವು ಕಪ್ಪು ಸಾಮಾನುಗಳಲ್ಲಿ ಬೆಂಕಿ ತಡೆಯುವ ಬ್ರೋಮಿನ್ ರಾಸಾಯನಿಕಗಳು ಇವೆ ಅಂತ 2024ರಲ್ಲಿ ಒಂದು ಅಧ್ಯಯನ ಬಂತು, ಜನ ಸಟ್ಟುಗಗಳನ್ನು ಕಸಕ್ಕೆ ಎಸೆದರು. ಆಮೇಲೆ ನೋಡಿದರೆ ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿತ್ತು. 60 ಕಿಲೋ ತೂಕದವರಿಗೆ ದಿನದ ಮಿತಿ 4,20,000 ನ್ಯಾನೋಗ್ರಾಂ ಇರಬೇಕಾದ ಕಡೆ 42,000 ಅಂತ ಬರೆದಿದ್ದರು. ಅಂದರೆ ಹೆದರಿಸಿದ್ದಕ್ಕಿಂತ ಅಪಾಯ ಹತ್ತು ಪಟ್ಟು ಕಡಿಮೆ. ಆದರೂ ಟಿವಿಯ ಹಿಂಭಾಗದಲ್ಲಿ ಇರಬೇಕಾದದ್ದು ಅಡುಗೆ ಸಾಮಾನಿನಲ್ಲಿ ಯಾಕಿರಬೇಕು? ನನಗೆ ಬಂದ ಸಟ್ಟುಗ ಯಾವ ಪ್ಲಾಸ್ಟಿಕ್ ಅಂತ ಅದರ ಮೇಲೂ ಬರೆದಿಲ್ಲ. ಮರದ ಸಟ್ಟುಗ ಬಳಸುತ್ತಿದ್ದೇನೆ, ಕೋಟಿಂಗ್‌ಗೂ ಒಳ್ಳೆಯದು.

ಸೆರಾಮಿಕ್ ತಗೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಅದರಲ್ಲಿ ಪಿಟಿಎಫ್‌ಇ ಇರುವುದಿಲ್ಲ, ಮರಳಿನ ಮೂಲವಸ್ತು ಸಿಲಿಕಾದಿಂದ ಮಾಡಿದ ಪದರ ಅದು. ಆದರೆ ಜಾರುವ ಗುಣ ಬೇಗ ಹೋಗುತ್ತದೆ. ಪ್ರತಿ ಸಲ ಹೊಸದು ಕೊಳ್ಳುವುದಾದರೆ ಅದೂ ಕಸವೇ.

ಹಾಗಾದರೆ ಈ ಪ್ಯಾನ್ ಯಾರು ತಗೊಳ್ಳಬಹುದು? ಸಣ್ಣ ಉರಿಯಲ್ಲಿ ಮೊಟ್ಟೆ ಥರದ್ದು ಮಾಡುವವರು, ಒಲೆ ಮೇಲೆ ಇಟ್ಟು ಮರೆಯದವರು ಧೈರ್ಯವಾಗಿ ತಗೊಳ್ಳಿ. ಹಸಿರು ಎಲೆ ನೋಡಿ ಮಾತ್ರ ಜಾಸ್ತಿ ದುಡ್ಡು ಕೊಡಬೇಡಿ, ಎಲೆ ಇಲ್ಲದ ಪಿಟಿಎಫ್‌ಇ ಪ್ಯಾನ್ ಕೂಡ ಇದೇ ಕೆಲಸ ಮಾಡುತ್ತದೆ. ಜೋರು ಉರಿಯಲ್ಲಿ ಹುರಿಯುವ ಅಭ್ಯಾಸ ಇದ್ದರೆ ಬೀಡುಕಬ್ಬಿಣ ಅಥವಾ ಸ್ಟೀಲ್ ನೋಡಿ. ಮನೆಯಲ್ಲಿ ಹಕ್ಕಿ ಸಾಕಿದ್ದರೆ ಬೇಡವೇ ಬೇಡ. ಅವುಗಳ ಶ್ವಾಸಕೋಶ ತುಂಬಾ ಸೂಕ್ಷ್ಮ, ಅತಿಯಾಗಿ ಕಾದ ಪಿಟಿಎಫ್‌ಇ ಹೊಗೆಗೆ ಪಂಜರದ ಹಕ್ಕಿಗಳು ನಿಮಿಷಗಳಲ್ಲಿ ಸಾಯಬಹುದು ಅಂತ ಪಶುವೈದ್ಯರು ದಶಕಗಳಿಂದ ಹೇಳುತ್ತಿದ್ದಾರೆ. ಡಬ್ಬಿಯಲ್ಲಿ ಅದೂ ಇಲ್ಲ.