ಮನೆಗೆ ಫೈಬರ್ ಬಂದು ಮೂರು ಮಳೆಗಾಲ ಆಯಿತು

ಹೊಸನಗರ ತಾಲ್ಲೂಕಿನ ಒಂದು ಮೂಲೆಯ ಹಳ್ಳಿ ನಮ್ಮದು. ಒಂಟಿ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಕಾಡು. 2022ರ ಡಿಸೆಂಬರ್‌ನಲ್ಲಿ ಫೈಬರ್ ಇಂಟರ್‌ನೆಟ್ ಹಾಕಿಸಿದೆವು. ಹಳ್ಳಿಗಳಿಗೆ ಫೈಬರ್ ತರುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಪಂಚಾಯಿತಿವರೆಗೆ ಬಂದಿರುವ ಭಾರತ್‌ನೆಟ್ ಎಳೆಯಿಂದ ಊರ ಮನೆಗಳಿಗೆ ಲೈನ್ ಎಳೆದು ಕೊಡುತ್ತಾರಲ್ಲ, ಆ ಥರದ ಕನೆಕ್ಷನ್.

ಹಾಕಿಸಿದ ಹೊಸತರಲ್ಲೇ ಬರೆದಿದ್ದರೆ ಬರೀ ಹೊಗಳಿಕೆ ಆಗುತ್ತಿತ್ತು. ಒಂದು ವರ್ಷಕ್ಕೆ ಬರೆದಿದ್ದರೂ ಸರಿ ಆಗುತ್ತಿರಲಿಲ್ಲ. 2023ರಲ್ಲಿ ನಮ್ಮ ಕಡೆ ಮಳೆಯೇ ನೆಟ್ಟಗೆ ಹಿಡಿಯಲಿಲ್ಲ. ಮಲೆನಾಡಲ್ಲಿ ಒಂದು ತಂತಿ ಎಷ್ಟು ಗಟ್ಟಿ ಅಂತ ಗೊತ್ತಾಗುವುದು ಆಷಾಢದ ಗಾಳಿಯಲ್ಲೇ. 2024ರ ಜುಲೈ ನೋಡಿದ್ದೇನೆ, 2025ರಲ್ಲಿ ಮೇ ತಿಂಗಳಲ್ಲೇ ಶುರುವಾದ ಮಳೆಯನ್ನೂ ನೋಡಿದ್ದೇನೆ. ಈಗ ಬರೆಯಬಹುದು ಅನ್ನಿಸಿತು.

ಮೊದಲು ಹೇಗಿತ್ತು ಅಂತ ಹೇಳಿಬಿಡುತ್ತೇನೆ. 2020ರಲ್ಲಿ ಶಾಲೆ ಮುಚ್ಚಿದಾಗ ಮಗಳು ಒಂಬತ್ತನೇ ಕ್ಲಾಸು. ಮೊಬೈಲ್ ಸಿಗ್ನಲ್ ಸಿಗುತ್ತಿದ್ದದ್ದು ಮನೆ ಹಿಂದಿನ ಗುಡ್ಡದ ತಲೆಯಲ್ಲಿ, ಒಂದು ಮತ್ತಿ ಮರದ ಬುಡದಲ್ಲಿ ಮಾತ್ರ. ಅಲ್ಲಿ ನಾಲ್ಕು ಗೂಟ ನೆಟ್ಟು ಟಾರ್ಪಾಲ್ ಕಟ್ಟಿದ್ದೆವು. ಅವಳು ಪಾಠ ಕೇಳುವಷ್ಟು ಹೊತ್ತೂ ಯಜಮಾನರು ಅಥವಾ ನಾನು ಪಕ್ಕದಲ್ಲಿ ಕೂತಿರಬೇಕಿತ್ತು. ಕಾಡುಕೋಣ ಓಡಾಡುವ ಜಾಗ ಅದು. ಶರಾವತಿ ಹಿನ್ನೀರಿನ ಕಡೆಯ ಜನ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಬೋರ್ಡ್ ಹಿಡಿದು ನಿಂತಾಗ ನಮಗೆ ಆಶ್ಚರ್ಯ ಆಗಲಿಲ್ಲ.

ನನಗೆ ಇವತ್ತಿಗೂ ಸಂಕಟ ಆಗುವುದು ಬೇರೆ ವಿಷಯಕ್ಕೆ. ನಮ್ಮ ಮನೆಯಿಂದ ಮೂರು ಕಿಲೋಮೀಟರ್ ದೂರದ ಪಂಚಾಯಿತಿ ಕಟ್ಟಡದಲ್ಲಿ ಆಗಲೇ ಫೈಬರ್ ಇತ್ತು. ಗೋಡೆಯಲ್ಲಿ ಪೆಟ್ಟಿಗೆ, ಛಾವಣಿ ಮೇಲೆ ಸೋಲಾರ್ ಫಲಕ. ಎಷ್ಟು ಸಲ ಪಹಣಿ ತರಲು ಹೋದಾಗ ನೋಡಿದ್ದೇನೋ. ಕೇಂದ್ರ ಸಂಪುಟ ಈ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರ್‌ನಲ್ಲಿ. ಆಗ ಅದರ ಹೆಸರು ನ್ಯಾಷನಲ್ ಆಪ್ಟಿಕಲ್ ಫೈಬರ್ ನೆಟ್‌ವರ್ಕ್. 2015ರಲ್ಲಿ ಭಾರತ್‌ನೆಟ್ ಆಯಿತು. 2017ರ ಕೊನೆಗೆ ಮೊದಲ ಹಂತದ 1 ಲಕ್ಷ ಪಂಚಾಯಿತಿ ಮುಗಿಯಿತು, ಕರ್ನಾಟಕ ಆ ಮೊದಲ ಹಂತದಲ್ಲೇ ಇತ್ತು. ಆದರೆ ಯೋಜನೆಯ ಗುರಿ ಇದ್ದದ್ದು ಪಂಚಾಯಿತಿವರೆಗೆ. ಅಲ್ಲಿಂದ ಮನೆಗೆ ಯಾರು ಎಳೆಯಬೇಕು, ಕಡಿದರೆ ಯಾರು ಕೂಡಿಸಬೇಕು ಅನ್ನುವುದಕ್ಕೆ ಬಹಳ ವರ್ಷ ಸರಿಯಾದ ದಾರಿ ಆಗಲಿಲ್ಲ. ಮಗಳು ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದ ದಿನಗಳಲ್ಲೂ ನೆಟ್ ಹೊತ್ತು ತರುವ ಫೈಬರ್‌ನ ಬೆಳಕು ಮೂರು ಕಿಲೋಮೀಟರ್ ಆಚೆ ಪೆಟ್ಟಿಗೆಯಲ್ಲಿ ಕೂತಿತ್ತು.

ದುಡ್ಡಿನ ವಿಷಯವೂ ತಿಳಿದಿರಲಿ. ಇದು ಯಾರೋ ಕೊಟ್ಟ ದಾನ ಅಲ್ಲ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದಲ್ಲಿ ಶೇ. 5ರಷ್ಟನ್ನು ಒಂದು ನಿಧಿಗೆ ಕಟ್ಟಬೇಕು, ಹಳ್ಳಿಗಳಿಗೆ ಸಂಪರ್ಕ ಕೊಡಲಿಕ್ಕೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ನಾವೆಲ್ಲ ರೀಚಾರ್ಜ್ ಮಾಡಿದ ದುಡ್ಡೇ ತಿರುಗಿ ಬರುವುದು. ಹಾಗಾಗಿ ಕೇಳುವಾಗ ಹಿಂಜರಿಯಬೇಡಿ.

ನಮ್ಮ ಕನೆಕ್ಷನ್‌ನ ಲೆಕ್ಕ ಇದು. ತಿಂಗಳಿಗೆ 399 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 471. ಸ್ಪೀಡ್ 30 ಎಂಬಿಪಿಎಸ್ ತನಕ. ರಸ್ತೆಯಿಂದ ಮನೆಗೆ 600 ಮೀಟರ್. ಆ ವಯರ್ ನಮ್ಮ ಖರ್ಚು. ಮನೆಯೊಳಗಿನ ವೈಫೈ ಪೆಟ್ಟಿಗೆ, ಕೂಲಿ ಎಲ್ಲ ಸೇರಿ ಶುರುವಿಗೆ ಸುಮಾರು 8,500 ಆಯಿತು. ಪೇಟೆಯವರಿಗೆ ಇದು ಜಾಸ್ತಿ ಅನ್ನಿಸಬಹುದು. ತೋಟದ ಮನೆಗಳಿಗೆ ಇಷ್ಟು ಬಂದೇ ಬರುತ್ತದೆ.

ಸ್ಪೀಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಿಗ್ಗೆ 28-29 ಬರುತ್ತದೆ. ರಾತ್ರಿ ಎಂಟರ ಮೇಲೆ ಊರವರೆಲ್ಲ ಟಿವಿ ಹಾಕಿದಾಗ 9-10ಕ್ಕೆ ಇಳಿಯುತ್ತದೆ. ಪಂಚಾಯಿತಿಗೆ 100 ಎಂಬಿಪಿಎಸ್ ಅಂತ ಯೋಜನೆ ಮೊದಲು ಲೆಕ್ಕ ಹಾಕಿದಾಗ ಮನೆ ಮನೆಯ ಟಿವಿ ಯಾರ ತಲೆಯಲ್ಲೂ ಇರಲಿಲ್ಲ. ಆದರೂ 9 ಎಂಬಿಪಿಎಸ್‌ನಲ್ಲಿ ಮಗನ ಆಫೀಸ್ ಮೀಟಿಂಗ್ ನಿಲ್ಲದೆ ನಡೆಯುತ್ತದೆ. ನಮಗೆ ಬೇಕಾದದ್ದು ಅದು.

ಮಗನ ವಿಷಯ ಬಂತಲ್ಲ, ಈ ಲೈನ್‌ನಿಂದ ಆದ ದೊಡ್ಡ ಬದಲಾವಣೆ ಅದೇ. ಅವನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ಮೂರು ವರ್ಷದಿಂದ ಅಡಿಕೆ ಸುಗ್ಗಿಗೆ ಮನೆಗೆ ಬಂದು ಎರಡು ತಿಂಗಳು ಇರುತ್ತಾನೆ. ಬೆಳಿಗ್ಗೆ ಕೊನೆಗಾರರ ಜೊತೆ ತೋಟಕ್ಕೆ ಹೋಗಿ, ಹತ್ತಕ್ಕೆ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆಯುತ್ತಾನೆ. ಅಂಗಳದಲ್ಲಿ ಸುಲಿಯುವವರು, ಒಳಗೆ ಅವನ ಮೀಟಿಂಗ್. ಮಕ್ಕಳು ಊರು ಬಿಟ್ಟ ಮನೆಗಳೇ ಜಾಸ್ತಿ ನಮ್ಮ ಕಡೆ. ಎರಡು ತಿಂಗಳಾದರೂ ಮಗ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ ಅನ್ನುವುದಕ್ಕೆ ನಾನು ಬೆಲೆ ಕಟ್ಟಲಾರೆ.

ನನ್ನದೂ ಒಂದು ಸಣ್ಣ ವ್ಯವಹಾರ ಇದೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಕೊಡುತ್ತೇನೆ. ಮೊದಲು ಪರಿಚಯದವರು ಹೇಳಿ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗ ವಾಟ್ಸಾಪ್‌ನಲ್ಲಿ ಆರ್ಡರ್, ಫೋನಲ್ಲೇ ದುಡ್ಡು. ಅತ್ತೆಗೆ ಮಂಡಿ ನೋವು, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವುದೆಂದರೆ ಇಡೀ ದಿನ. ಸಣ್ಣಪುಟ್ಟದಕ್ಕೆ ಸರ್ಕಾರದ ಇ-ಸಂಜೀವಿನಿಯಲ್ಲಿ ಡಾಕ್ಟರ್ ಹತ್ತಿರ ಮಾತಾಡಿಸುತ್ತೇನೆ. ಮನೆಯೊಳಗೆ ವೈಫೈ ಮೇಲೆ ಫೋನ್ ಕರೆಯೂ ಹೋಗುತ್ತದೆ. ಕರೆ ಬಂದರೆ ಅಂಗಳಕ್ಕೆ ಓಡುವುದು ತಪ್ಪಿತು.

ಇನ್ನು ಗುಡುಗು. ಮಲೆನಾಡಿನವರು ಇದನ್ನು ಮೊದಲು ಕೇಳುತ್ತಾರೆ. ಹಳೇ ತಾಮ್ರದ ಲ್ಯಾಂಡ್‌ಲೈನ್ ಇದ್ದಾಗ ಏಪ್ರಿಲ್ ಬಂತೆಂದರೆ ಭಯ. ಎರಡು ಫೋನು, ಒಂದು ಮೋಡೆಮ್ ಸುಟ್ಟಿವೆ ನಮ್ಮ ಮನೆಯಲ್ಲಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಮೂರು ವರ್ಷದಲ್ಲಿ ಲೈನ್ ಕಡೆಯಿಂದ ಏನೂ ಸುಟ್ಟಿಲ್ಲ. ಒಂದು ಎಚ್ಚರ ಮಾತ್ರ ಬೇಕು. ವಯರ್‌ನ ಜೊತೆ ಆಧಾರಕ್ಕೆ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮಾಡಿನ ತುದಿಯಲ್ಲೇ ಕತ್ತರಿಸಿ ಕಂಬಕ್ಕೆ ಕಟ್ಟಿಸಿ, ಒಳಗೆ ಬಿಡಬೇಡಿ. ಪೆಟ್ಟಿಗೆಯ ಅಡಾಪ್ಟರ್ ಮನೆಯ ಪ್ಲಗ್‌ನಲ್ಲೇ ಇರುವುದರಿಂದ ಅದನ್ನು ಕೀಳಲೇಬೇಕು. ಒಮ್ಮೆ ಮರೆತೆವು, ಅಡಾಪ್ಟರ್ ಹೋಯಿತು.

ಕರೆಂಟ್ ಹೋದರೆ ಪೆಟ್ಟಿಗೆ ನಿಲ್ಲುತ್ತದೆ. 1,600 ರೂಪಾಯಿಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಸಿಗುತ್ತದೆ, ನಾಲ್ಕು ಗಂಟೆ ಬರುತ್ತದೆ. ಕನೆಕ್ಷನ್ ಜೊತೆಗೇ ತಗೊಳ್ಳಿ. ಆದರೆ ಇಡೀ ಊರಿಗೆ ಎರಡು ದಿನ ಕರೆಂಟ್ ಇಲ್ಲದಿದ್ದರೆ ಪಂಚಾಯಿತಿ ಕಡೆಯ ಬ್ಯಾಟರಿಯೂ ಮುಗಿಯುತ್ತದೆ. ಆಗ ನಮ್ಮದು ಇದ್ದೂ ಉಪಯೋಗ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ನೆಟ್ ಇಲ್ಲದ ದಿನಕ್ಕೆ ಕೆಂಪು ಪೆನ್ನಲ್ಲಿ ಸೊನ್ನೆ ಹಾಕುತ್ತೇನೆ. 2023ರಲ್ಲಿ 13 ಸೊನ್ನೆ. 2024ರಲ್ಲಿ 41. 2025ರಲ್ಲಿ ಇಲ್ಲಿವರೆಗೆ 22. 2024ರ ಜುಲೈ ಒಂದರಲ್ಲೇ 17 ದಿನ ಸಾಲಾಗಿ ಇದೆ. ಆ ಪುಟ ಹರಿದು ಹಾಕದೆ ಇಟ್ಟುಕೊಂಡಿದ್ದೇನೆ.

ಯಾಕೆ ಹಾಗಾಯಿತು ಅಂದರೆ, ತಾಲ್ಲೂಕಿನಿಂದ ಪಂಚಾಯಿತಿಗೆ ಬರುವುದು ಒಂದೇ ದಾರಿಯ ಒಂದೇ ಕೇಬಲ್. ಮೊದಲ ಹಂತದಲ್ಲಿ ಎಲ್ಲ ಕಡೆ ಹೀಗೇ ಎಳೆದದ್ದು, ಮರದ ಕೊಂಬೆ ಹಾಗೆ. ಕೊಂಬೆ ಮುರಿದರೆ ಅದರಾಚೆಯ ಎಲೆ ಎಲ್ಲ ಒಣಗುತ್ತವೆ. ಆ ಜುಲೈನಲ್ಲಿ ದರೆ ಕುಸಿದು ಒಂದು ಕಡೆ ಕೇಬಲ್ ಹೋಯಿತು. ಅದನ್ನು ಸರಿ ಮಾಡುವಷ್ಟರಲ್ಲಿ ಇನ್ನೆರಡು ಕಡೆ ಮರ ಬಿತ್ತು. 2023ರ ಆಗಸ್ಟ್‌ನಲ್ಲಿ ಸಂಪುಟ ಒಪ್ಪಿದ ಹೊಸ ಭಾರತ್‌ನೆಟ್‌ನಲ್ಲಿ ಇದಕ್ಕೇ ಮದ್ದು ಇದೆ. ಕೇಬಲ್ ಅನ್ನು ಬಳೆಯ ಹಾಗೆ ಸುತ್ತು ತರುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದೆ. 1,39,579 ಕೋಟಿ ರೂಪಾಯಿಯ ಕೆಲಸ. 2.64 ಲಕ್ಷ ಪಂಚಾಯಿತಿಗಳಿಗೆ ಬಳೆ, ಐದು ವರ್ಷದಲ್ಲಿ ಹಳ್ಳಿಗಳ 1.5 ಕೋಟಿ ಮನೆಗೆ ಫೈಬರ್ ಅಂತ ಗುರಿ. ನನಗೆ ಜಾಸ್ತಿ ಸಮಾಧಾನ ಕೊಟ್ಟ ಅಂಶ ಬೇರೆ. ಕಟ್ಟಿದವರೇ ಆಮೇಲೆ 10 ವರ್ಷ ನೋಡಿಕೊಳ್ಳಬೇಕು ಅಂತ ಗುತ್ತಿಗೆಯಲ್ಲೇ ಇದೆ. ನಮ್ಮ ರಸ್ತೆಯಲ್ಲಿ ಇನ್ನೂ ಬಳೆ ಕಾಣಿಸಿಲ್ಲ.

ಆ 17 ದಿನದಲ್ಲಿ ದೂರು ಕೊಡುವ ನಂಬರಿಗೆ ಒಂಬತ್ತು ಸಲ ಫೋನ್ ಮಾಡಿದ್ದೇನೆ, ಅದೂ ಮತ್ತೆ ಗುಡ್ಡ ಹತ್ತಿ. ಎಲ್ಲೋ ದೂರದ ಊರಲ್ಲಿ ಕೂತವರು ಪ್ರತಿ ಸಲವೂ ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿ ಅಂದರು. ಕೇಬಲ್ ಮೇಲೆ ಮರ ಬಿದ್ದಿದೆ ಅಂದರೂ ಅದೇ ಮಾತು. ಬಿಲ್‌ನಲ್ಲಿ ಆ ದಿನಗಳ ದುಡ್ಡೂ ಕಡಿಮೆ ಆಗಲಿಲ್ಲ.

ಲೈನ್ ಸರಿ ಮಾಡಿದ್ದು ನಮ್ಮ ಊರ ಪಕ್ಕದ ಹುಡುಗ. ಮನೆಗಳಿಗೆ ಕನೆಕ್ಷನ್ ಕೊಟ್ಟು ನೋಡಿಕೊಳ್ಳುವವನು ಅವನೇ, ಅರವತ್ತಕ್ಕೂ ಮೇಲೆ ಮನೆ ಇದೆ ಅವನಿಗೆ. ಕೊನೆಯ ದಿನ ಕಡಿದದ್ದು ನಮ್ಮ ತೋಟದೊಳಗೆ, ಸೋಗೆ ಬಿದ್ದು. ಸುರಿಯುವ ಮಳೆಯಲ್ಲಿ ಅಡಿಕೆ ಹಾಳೆ ಹಾಸಿ ಕೂತ. ನಾನು ಅವನ ಮೆಷಿನ್ ಮೇಲೆ ಕೊಡೆ ಹಿಡಿದು ನಿಂತೆ. ಒಂದು ಹನಿಯೂ ಬೀಳಬಾರದು ಅಂದ. ವಯರ್ ಸುಲಿದು ಸಿಪ್ಪೆ ಎಲ್ಲ ತೆಗೆದಾಗ ಉಳಿದದ್ದು ತಲೆಕೂದಲಿನಷ್ಟು ತೆಳ್ಳಗಿನ ಗಾಜು. ಅದನ್ನು ಸ್ಪಿರಿಟ್‌ನಲ್ಲಿ ಒರೆಸಿದ, ತುದಿ ಕತ್ತರಿಸಿದ, ಎರಡು ಕಡೆಯಿಂದ ಮೆಷಿನ್‌ನಲ್ಲಿ ಇಟ್ಟ. ಪುಟ್ಟ ಪರದೆಯಲ್ಲಿ ಎರಡು ಗೆರೆ ತಾವಾಗೇ ಹತ್ತಿರ ಬಂದವು, ಒಂದು ಕಿಡಿ, ಒಂದೇ ಗೆರೆ ಆಯಿತು. ಅವನ ಕಾಲಲ್ಲಿ ಐದಾರು ಇಂಬಳ ಕಚ್ಚಿಕೊಂಡಿದ್ದವು. ಕೈ ಅಲುಗಬಾರದು ಅಂತ ತೆಗೆಯದೆ ಹಾಗೇ ಬಿಟ್ಟಿದ್ದ.

ಮನೆಗೆ ಬಂದು ಕೈಯಳತೆಯ ಒಂದು ಮೀಟರ್‌ನಲ್ಲಿ ಬೆಳಕು ಅಳೆದ. ಮೈನಸ್ 21 ಡಿಬಿಎಂ. ಬೆಳಕಿನ ಬಲದ ಅಳತೆ ಅದು, ಮೈನಸ್ ಜಾಸ್ತಿ ಆದಷ್ಟೂ ಬೆಳಕು ಕಡಿಮೆ. ಮೈನಸ್ 27 ದಾಟಿದರೆ ನಿಲ್ಲುತ್ತದೆ, ಇದು ಸಾಕು ಅಂದ. ಪೆಟ್ಟಿಗೆಯಲ್ಲಿ ಕೆಂಪು ದೀಪ ಆರಿ ಹಸಿರು ಬಂತು. ಅವನಿಗೆ ಸಿಗುವುದು ನಮ್ಮ ಬಿಲ್‌ನಲ್ಲಿ ಒಂದು ಪಾಲು. ಮಳೆಗಾಲದಲ್ಲಿ ಬೈಕಿನ ಪೆಟ್ರೋಲಿಗೇ ಅದು ಮುಗಿಯುತ್ತದೆ ಅಂತ ಬಿಸಿನೀರು ಕುಡಿಯುತ್ತಾ ಹೇಳಿದ. ಇನ್ನೊಂದು ವರ್ಷ ನೋಡಿ ಬೆಂಗಳೂರಿಗೆ ಹೋಗುತ್ತೇನೆ ಅಂತಲೂ ಹೇಳಿದ.

ನನಗೆ ದಿಗಿಲಾಗುವುದು ಇಲ್ಲಿ. ದೇಶದಲ್ಲಿ 2 ಲಕ್ಷಕ್ಕೂ ಜಾಸ್ತಿ ಪಂಚಾಯಿತಿಗೆ ಎಳೆ ಮುಟ್ಟಿದೆ. ಆದರೆ ಆ ಹುಡುಗ ಊರು ಬಿಟ್ಟರೆ ನಮ್ಮ ಅರವತ್ತು ಮನೆಗೆ ಯೋಜನೆ ಮುಗಿದ ಹಾಗೆ. ಮಳೆಗಾಲದ ನಾಲ್ಕು ತಿಂಗಳು ಇಂಥವರಿಗೆ ಬಿಲ್‌ನ ಪಾಲಿನ ಜೊತೆಗೆ ಒಂದು ನಿಗದಿ ಸಂಬಳವೂ ಬೇಕು. ಕೂಡಿಸುವ ಮೆಷಿನ್ ಸ್ವಂತಕ್ಕೆ ಕೊಳ್ಳಲು ಸಾಲ ಮಾಡಬೇಕಾದ ಸ್ಥಿತಿ ಇರಬಾರದು, ಎರಡು ಮೂರು ಪಂಚಾಯಿತಿಗೆ ಒಂದಾದರೂ ಯೋಜನೆಯ ದುಡ್ಡಲ್ಲೇ ಕೊಡಬೇಕು. ಗ್ರಾಮಸಭೆಯಲ್ಲಿ ಈ ಮಾತು ಹೇಳಿದೆ, ಬರೆದೂ ಕೊಟ್ಟಿದ್ದೇನೆ. ನಿಮ್ಮ ಊರಲ್ಲೂ ಹೇಳಿ.

ಹಾಕಿಸುವವರಿಗೆ ಇನ್ನೆರಡು ಮಾತು. ವಯರ್ ಅನ್ನು ಅಡಿಕೆ ಮರಕ್ಕೆ ಕಟ್ಟಬೇಡಿ, ಗಾಳಿಗೆ ಮರ ತೂಗಿ ಒಳಗಿನ ಗಾಜು ಸೋಲುತ್ತದೆ. ಬೇಲಿ ಕಂಬದ ಮೇಲೆ ಬರಲಿ. ಮಂಗಗಳು ಜೋತಾಡುವ ಕಡೆ ಹಳೇ ನೀರಿನ ಪೈಪಿನೊಳಗೆ ತೂರಿಸಿ, ನಮಗೆ ಅದು ಚೆನ್ನಾಗಿ ಆಯಿತು. ಅಲ್ಲಲ್ಲಿ ಎರಡು ಸುತ್ತು ಹೆಚ್ಚಿಗೆ ವಯರ್ ಬಿಟ್ಟಿರಿ. ಕಡಿದಾಗ ಕೂಡಿಸಲು ಉದ್ದ ಬೇಕಾಗುತ್ತದೆ.

ಅಂಕ ಕೊಡಬೇಕೆಂದರೆ ಐದಕ್ಕೆ ಮೂರೂವರೆ. ನೆಟ್‌ಗೆ ನಾಲ್ಕು, ರಿಪೇರಿಗೆ ಮೂರು. ಆ ಮೂರೂ ಆ ಹುಡುಗನದು.

ಬರುವ ತಿಂಗಳು ರಿನ್ಯೂ ಮಾಡುವ ದಿನ. ಒಂದು ವರ್ಷದ್ದು ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಫ್ರೀ ಅಂತ ಮೆಸೇಜ್ ಬಂದಿದೆ. ಹುಡುಗನನ್ನು ಕೇಳಿದೆ, ಬರುವ ಮಳೆಗಾಲಕ್ಕೆ ಇರುತ್ತೀಯಾ ಅಂತ. ನೋಡೋಣ ಅಮ್ಮ ಅಂದ. ತಿಂಗಳು ತಿಂಗಳೇ ಕಟ್ಟುತ್ತೇನೆ.