ಅಮ್ಮನ ರೂಮಿನ ಹಾಟ್ ಅಂಡ್ ಕೋಲ್ಡ್ ಎಸಿ: 2024ರಿಂದ ಬಳಸಿದ ಮೇಲೆ

ಬೆಂಗಳೂರಲ್ಲಿ ಬಿಸಿಗಾಳಿ ಕೊಡುವ ಎಸಿ ಯಾರಿಗೆ ಬೇಕು ಸರ್, ಅದೆಲ್ಲ ದೆಹಲಿ ಕಡೆಯವರಿಗೆ ಅಂದಿದ್ದ ಅಂಗಡಿಯವನು. ಆದರೂ ತರಿಸಿದೆವು. ವಿಜಯನಗರದಲ್ಲಿ ನಮ್ಮದು ಮೇಲಿನ ಮಹಡಿ. 2024ರ ಏಪ್ರಿಲ್‌ನಲ್ಲಿ ಊರಿನ ಬಿಸಿಲು 38 ಡಿಗ್ರಿ ದಾಟಿದಾಗ ನಡುರಾತ್ರಿಯಾದರೂ ತಾರಸಿ ಕಾವು ಇಳಿಯುತ್ತಿರಲಿಲ್ಲ. ಡಿಸೆಂಬರ್ ಬಂದರೆ ಅಮ್ಮನಿಗೆ ಮಂಡಿನೋವು.

ತಂಪಿನ ವಿಷಯದಲ್ಲಿ ತಕರಾರಿಲ್ಲ. ಹತ್ತು-ಹನ್ನೆರಡು ಅಡಿ ರೂಮಿಗೆ ಒಂದು ಟನ್ (ತೂಕವಲ್ಲ, ತಂಪು ಮಾಡುವ ಶಕ್ತಿಯ ಅಳತೆ) ಇನ್ವರ್ಟರ್ ಎಸಿ ಸಾಕು. ಒಂದೂವರೆ ಟನ್ ಮಾರಲು ನೋಡುತ್ತಾರೆ, ಬಗ್ಗಬೇಡಿ. ಚಿಕ್ಕ ರೂಮನ್ನು ದೊಡ್ಡ ಎಸಿ ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ತೇವ ಹಾಗೇ ಉಳಿಯುತ್ತದೆ. ಕರೆಂಟ್ ಉಳಿತಾಯ ತೋರಿಸುವ ಸ್ಟಾರ್ ಲೇಬಲ್ ಮೇಲೆ ಬರೆದಿರುವ ಕರೆಂಟ್ ಯೂನಿಟ್ ಲೆಕ್ಕ ವರ್ಷಕ್ಕೆ 1600 ಗಂಟೆ ಬಳಕೆಯದ್ದು. ನಮ್ಮೂರಲ್ಲಿ ಅಷ್ಟು ಯಾರು ಓಡಿಸುತ್ತಾರೆ? ಅದಕ್ಕೇ ಹೆಚ್ಚು ಸ್ಟಾರಿನದು ಬೇಡ ಅಂತ ಮೂರು ಸ್ಟಾರ್ ತಗೊಂಡೆವು.

ನಿಜವಾಗಿ ಹೇಳಬೇಕಾದ್ದು ಚಳಿಗಾಲದ್ದು. ಕೊಳ್ಳುವಾಗ ಹೀಟ್ ಪಂಪ್ ಹೌದೋ ಅಲ್ಲವೋ ಕೇಳಿ. ಇದರಲ್ಲಿ ರೂಮ್ ಹೀಟರ್‌ನಂತೆ ಕರೆಂಟಿನಿಂದ ಬಿಸಿಯಾಗುವ ತಂತಿ ಸುರುಳಿ ಇಲ್ಲ. ಬೇಸಿಗೆಯಲ್ಲಿ ಒಳಗಿನ ಶಾಖ ಹೊರಗೆ ಹಾಕುವ ಗ್ಯಾಸ್, ಚಳಿಯಲ್ಲಿ ತಿರುಗಿ ಹರಿದು ಹೊರಗಿನದನ್ನು ಒಳಗೆ ತರುತ್ತದೆ. ಹೊರಗೆ 15 ಡಿಗ್ರಿ ಇದ್ದರೂ ಸಾಕಷ್ಟು ಸಿಗುತ್ತದೆ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ. 2000 ವ್ಯಾಟ್ ರೂಮ್ ಹೀಟರ್ ಉರಿಸಿದರೆ ಒಂದಕ್ಕೆ ಒಂದೇ. ಅದರ ಮುಂದೆ ಕೂತರೆ ಚರ್ಮವೂ ಒಣಗುತ್ತಿತ್ತು ಅಂತ ಅಮ್ಮನ ದೂರು.

ಆನ್ ಮಾಡಿದ ತಕ್ಷಣ ಗಾಳಿ ಬರುವುದಿಲ್ಲ. ಒಳಗಿನ ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಕೊಳವೆ, ಬೆಚ್ಚಗಾಗುವವರೆಗೆ ಫ್ಯಾನ್ ಸುಮ್ಮನಿರುತ್ತದೆ. "ಕೆಟ್ಟೋಯ್ತು ಕಣೋ" ಅಂತ ಅಮ್ಮ ಕೂಗಿಕೊಂಡಿದ್ದರು. ಬಿಸಿಗಾಳಿ ಮೇಲೇರುವುದರಿಂದ ಗಾಳಿಗೆ ದಿಕ್ಕು ಕೊಡುವ ರೆಕ್ಕೆಯನ್ನು ಪೂರ್ತಿ ಕೆಳಗೆ ತಿರುಗಿಸಿಡಬೇಕು.

ಅಳವಡಿಸಲು ಬಂದವನು ಹೇಳದೆ ಬಿಟ್ಟದ್ದು ಒಂದಿದೆ. ಬೇಸಿಗೆಯಲ್ಲಿ ನೀರು ಒಳಗಿನ ಯೂನಿಟ್‌ನಿಂದ ಪೈಪಿನಲ್ಲಿ ಇಳಿಯುತ್ತದೆ. ಬಿಸಿ ಮೋಡ್‌ನಲ್ಲಿ ಹೊರಗಿನ ಯೂನಿಟ್ ತೊಟ್ಟಿಕ್ಕುತ್ತದೆ. ನಮ್ಮದು ಸೀದಾ ಕೆಳಗಿನ ಮನೆ ಆಂಟಿಯ ಒಣಹಾಕಿದ ಸೀರೆಗಳ ಮೇಲೆ. ಎರಡು ಸೀರೆಗೆ ಕೊಳೆ ನೀರಿನ ಕಲೆ ಬಿದ್ದ ಮೇಲೆ ಮೆಟ್ಟಿಲು ಹತ್ತಿ ಬಂದರು, ನ್ಯಾಯವಾಗಿಯೇ. ಹೊರಗಿನ ಯೂನಿಟ್‌ನ ತಳದ ತೂತಿಗೆ ಒಂದು ಎಲ್ಬೋ, ಅದಕ್ಕೊಂದು ಪೈಪು, ಅಷ್ಟೇ ಕೆಲಸ. ಅಳವಡಿಸುವಾಗಲೇ ಹಾಕಿಸಿ. ಇನ್ನು ಎರಡು ಯೂನಿಟ್ ಜೋಡಿಸುವ ಗ್ಯಾಸ್ ಪೈಪಿನೊಳಗಿನ ಗಾಳಿ ತೆಗೆಯಲು ವ್ಯಾಕ್ಯೂಮ್ ಪಂಪ್ ತಂದಿದ್ದಾನಾ ನೋಡಿ. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ತಳ್ಳುತ್ತೀನಿ ಅಂದರೆ ಒಪ್ಪಬೇಡಿ.

ಪಾರಿವಾಳಕ್ಕೆ ಬಲೆ ಹಾಕಿಸಿ, ಇಲ್ಲದಿದ್ದರೆ ಯೂನಿಟ್ ಹಿಂದೆ ಗೂಡು ಗ್ಯಾರಂಟಿ. ಫಿಲ್ಟರ್ ತೊಳೆಯುವುದು ಐದು ನಿಮಿಷದ ಕೆಲಸ.

ವಯಸ್ಸಾದವರೋ ಹಸುಗೂಸೋ ಇರುವ ರೂಮಿಗೆ ಇದನ್ನೇ ತಗೊಳ್ಳಿ. ನಮ್ಮ ರೂಮಿಗೆ ಮಾತ್ರ ಬರೀ ಕೂಲಿಂಗ್ ಮಾಡೆಲ್ಲೇ ಹಾಕಿಸಿದ್ದೇವೆ, ಜನವರಿಗೆ ಕಂಬಳಿ ಇದೆ.