ಫ್ಯುರೊಸೆಮೈಡ್ 40 ಮಿ.ಗ್ರಾಂ ಮಾತ್ರೆ: ಅಪ್ಪನ ಕಾಲಿನ ಊತಕ್ಕೆ ಹತ್ತು ತಿಂಗಳ ಬಳಕೆಯ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ಅಡಿಕೆ ತೋಟ ಮಾಡಿಕೊಂಡಿರುವ, ಎಪ್ಪತ್ತಮೂರು ದಾಟಿದ ನನ್ನ ಅಪ್ಪನಿಗೆ ಕಳೆದ ವರ್ಷ ಮಳೆಗಾಲದ ಕೊನೆಯಲ್ಲಿ ಎರಡೂ ಪಾದಗಳು ಬೀಗತೊಡಗಿದವು. ಸಂಜೆ ಚಪ್ಪಲಿ ಕಳಚಿದರೆ ಅದರ ಪಟ್ಟಿಯ ಗುರುತು ಚರ್ಮದೊಳಗೆ ಇಳಿದಿರುತ್ತಿತ್ತು; ಕಣಕಾಲಿನ ಮೇಲೆ ಬೆರಳೊತ್ತಿ ತೆಗೆದರೆ ಆ ಗುಳಿ ತುಂಬಲು ಅರ್ಧ ನಿಮಿಷ ಹಿಡಿಯುತ್ತಿತ್ತು. ರಾತ್ರಿ ಎರಡು ದಿಂಬು ಇಟ್ಟರೂ ಉಸಿರು ಕಟ್ಟಿ ಎದ್ದು ಕೂರುವಂತಾದ ಮೇಲೆ ಮಂಗಳೂರಿಗೆ ಕರೆದುಕೊಂಡು ಹೋದೆವು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ ವೈದ್ಯರು ಹೃದಯದ ಪಂಪಿಂಗ್ ಕಡಿಮೆಯಾಗಿದೆ ಎಂದು ತಿಳಿಸಿ ಬರೆದುಕೊಟ್ಟ ಮದ್ದುಗಳಲ್ಲಿ ದಿನಕ್ಕೊಂದು ಫ್ಯುರೊಸೆಮೈಡ್ 40 ಮಿ.ಗ್ರಾಂ ಮಾತ್ರೆಯೂ ಇತ್ತು. ಅಂದಿನಿಂದ ಅದನ್ನು ದಿನವೂ ಅಪ್ಪನ ಕೈಗೆ ಕೊಡುತ್ತಿರುವವಳು ನಾನು.

ಮಾತ್ರೆಯ ಗುಣವನ್ನು ಮೊದಲು ಹೇಳಬೇಕು. ಮೂತ್ರಪಿಂಡವು ರಕ್ತಕ್ಕೆ ಮರಳಿಸಬೇಕಿದ್ದ ಉಪ್ಪಿನ ಒಂದಂಶವನ್ನು ತಡೆದು, ಅದರ ಬೆನ್ನಿಗೆ ನೀರನ್ನೂ ಮೂತ್ರದಲ್ಲಿ ಹೊರಹಾಕಿಸುವುದು ಇದರ ಕೆಲಸ. ನುಂಗಿದ ಒಂದು ಗಂಟೆಯೊಳಗೆ ಕೆಲಸ ಆರಂಭವಾಗಿ ಸುಮಾರು ಆರು ಗಂಟೆ ನಡೆಯುತ್ತದೆ. ಲ್ಯಾಸಿಕ್ಸ್ ಎಂಬ ಇದರ ಹಳೆಯ ಬ್ರಾಂಡ್ ಹೆಸರಿನಲ್ಲಿಯೇ ‘ಆರು ಗಂಟೆ ಬಾಳುತ್ತದೆ’ ಎಂಬ ಇಂಗ್ಲಿಷ್ ಮಾತು ಅಡಗಿದೆ ಎನ್ನುತ್ತಾರೆ. ಆರಂಭಿಸಿದ ದಿನ 64.8 ಕಿಲೋ ಇದ್ದ ಅಪ್ಪನ ತೂಕ ಒಂಬತ್ತು ದಿನಗಳಲ್ಲಿ 61.2ಕ್ಕೆ ಇಳಿಯಿತು. ಹತ್ತನೆಯ ರಾತ್ರಿ ಅವರು ಒಂದೇ ದಿಂಬಿನಲ್ಲಿ ಬೆಳಗಿನವರೆಗೆ ನಿದ್ದೆ ಮಾಡಿದರು. ಬೆಲೆಯೋ ಅತ್ಯಲ್ಪ. ಇಷ್ಟಾದರೂ ಇದು ಮೈಯಲ್ಲಿ ನಿಂತ ನೀರನ್ನು ಇಳಿಸುವ ಮದ್ದು ಅಷ್ಟೇ. ಹೃದಯದ ಚಿಕಿತ್ಸೆಗೆ ಕೊಟ್ಟ ಉಳಿದ ಮಾತ್ರೆಗಳನ್ನು ಕಾಲು ಇಳಿಯಿತೆಂದು ಬಿಡುವಂತಿಲ್ಲ.

ಹೊತ್ತಿನ ವಿಷಯದಲ್ಲಿ ನಾವು ಬೇಗ ಪಾಠ ಕಲಿತೆವು. ಕಾಸರಗೋಡಿಗೆ ಬಸ್ಸಿನಲ್ಲಿ ಹೋಗುವ ದಿನಗಳಲ್ಲಿ ದಾರಿಯಲ್ಲಿ ಮೂತ್ರಕ್ಕೆ ಅವಸರವಾದೀತೆಂಬ ಅಂಜಿಕೆಯಿಂದ ಅಪ್ಪ ನನಗೆ ಹೇಳದೆ ಬೆಳಗಿನ ಮಾತ್ರೆ ತಪ್ಪಿಸುತ್ತಿದ್ದರು. ಒಮ್ಮೆಯಂತೂ ರಾತ್ರಿ ಊಟದ ಮೇಲೆ ನುಂಗಿ, ನಾಲ್ಕು ಸಲ ಎದ್ದು, ಕೊನೆಯ ಸಲ ಕತ್ತಲೆಯಲ್ಲಿ ತಲೆ ತಿರುಗಿ ಬಾಗಿಲ ದಾರಂದಕ್ಕೆ ಭುಜ ತಾಗಿಸಿಕೊಂಡರು. ವೈದ್ಯರಿಗೆ ತಿಳಿಸಿದಾಗ, ಪ್ರಯಾಣವಿದ್ದ ದಿನ ಮನೆಗೆ ಮರಳಿದ ಮೇಲೆ, ಆದರೆ ಸಂಜೆ ನಾಲ್ಕರೊಳಗೆ ತೆಗೆದುಕೊಳ್ಳಬಹುದು, ತಪ್ಪಿದರೆ ಮರುದಿನ ಎರಡು ನುಂಗಬಾರದು ಎಂದರು. ಮಂಚದಿಂದ ಏಳುವಾಗ ಒಂದು ನಿಮಿಷ ಅಂಚಿನಲ್ಲಿ ಕುಳಿತು ಏಳುವ ಅಭ್ಯಾಸವನ್ನೂ ಅಂದೇ ಮಾಡಿಸಿದೆವು.

ಈ ಮಾತ್ರೆ ಕೊಳ್ಳುವವರು ಅದರ ಜೊತೆಗೇ ಒಂದು ತೂಕದ ಯಂತ್ರವನ್ನೂ ಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬೆಳಗ್ಗೆ ಮೂತ್ರ ಮಾಡಿ ಬಂದ ಮೇಲೆ, ಚಾ ಕುಡಿಯುವ ಮೊದಲು, ಒಂದೇ ತೆರನಾದ ಪಂಚೆಯುಟ್ಟು ಅಪ್ಪ ಅದರ ಮೇಲೆ ನಿಲ್ಲುತ್ತಾರೆ, ನಾನು ಪುಸ್ತಕದಲ್ಲಿ ಬರೆಯುತ್ತೇನೆ. ಜನವರಿಯ ಒಂದು ಪುಟದಲ್ಲಿ 61.4, 61.9, 62.6, 63.3 ಎಂದು ಏರಿದ ಸಾಲಿದೆ. ಕಾಲು ನೋಡಿದರೆ ಇನ್ನೂ ಏನೂ ತಿಳಿಯುತ್ತಿರಲಿಲ್ಲ. ಎರಡು ಮೂರು ದಿನಗಳಲ್ಲಿ ಎರಡು ಕಿಲೋದಷ್ಟು ಏರಿದರೆ ಫೋನ್ ಮಾಡಬೇಕೆಂದು ವೈದ್ಯರು ಮೊದಲೇ ಹೇಳಿದ್ದರಿಂದ ಮಾಡಿದೆ. ಹೊಸದಾಗಿ ಏನು ತಿಂದಿದ್ದಾರೆ ಎಂದು ಅವರು ಕೇಳಿದ ಮೇಲಷ್ಟೇ, ಮೊಣಕಾಲು ನೋವಿಗೆಂದು ಪೇಟೆಯಿಂದ ಚೀಟಿಯಿಲ್ಲದೆ ತಂದ ಡೈಕ್ಲೊಫೆನಾಕ್ ಮಾತ್ರೆಗಳು ಅಪ್ಪನ ಅಂಗಿಯ ಕಿಸೆಯಿಂದ ಹೊರಬಂದವು. ಆ ಜಾತಿಯ ನೋವಿನ ಮಾತ್ರೆಗಳು ಉಪ್ಪು ನೀರನ್ನು ಮೈಯಲ್ಲೇ ಹಿಡಿದಿಟ್ಟು ಫ್ಯುರೊಸೆಮೈಡಿನ ಶಕ್ತಿಯನ್ನು ಕುಂದಿಸುವುದಲ್ಲದೆ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲವು. ಡೈಕ್ಲೊಫೆನಾಕ್ ನಿಲ್ಲಿಸಿ ವೈದ್ಯರ ಸೂಚನೆಯಂತೆ ಪ್ಯಾರಾಸಿಟಮಾಲ್ ಕೊಟ್ಟೆವು. ಆರು ದಿನಗಳಲ್ಲಿ ತೂಕ ಮೊದಲಿನ ಮಟ್ಟಕ್ಕೆ ಬಂತು. ಫೋನ್ ಮಾಡದೆ ನಾನೇ ಒಂದು ಮಾತ್ರೆ ಹೆಚ್ಚಿಗೆ ಕೊಟ್ಟಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಹೆದರಿಕೆಯಾಗುತ್ತದೆ.

ಇನ್ನೊಂದು ಎಚ್ಚರ ಪೊಟ್ಯಾಸಿಯಮ್ಮಿನದು. ನೀರಿನೊಡನೆ ಅದೂ ಹೊರಹೋಗುತ್ತದೆ. ಫೆಬ್ರುವರಿಯಲ್ಲಿ ಅಪ್ಪನಿಗೆ ಮೀನಖಂಡಗಳಲ್ಲಿ ಸೆಳೆತ, ಮೆಟ್ಟಿಲು ಹತ್ತಲಾರದಷ್ಟು ಸುಸ್ತು, ರಕ್ತಪರೀಕ್ಷೆಯಲ್ಲಿ 3.5ಕ್ಕಿಂತ ಕೆಳಗಿರಬಾರದ ಪೊಟ್ಯಾಸಿಯಮ್ 3.1 ಇತ್ತು. ಬಹಳ ಇಳಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ವೈದ್ಯರು ಸ್ಪೈರೊನೊಲ್ಯಾಕ್ಟೋನ್ 25 ಮಿ.ಗ್ರಾಂ ಸೇರಿಸಿದರು. ಇದು ಪೊಟ್ಯಾಸಿಯಮ್ಮನ್ನು ಮೈಯಲ್ಲಿ ಉಳಿಸುವ ಮದ್ದು. ಸುಸ್ತಿಗೆ ಒಳ್ಳೆಯದೆಂದು ದಿನಕ್ಕೆರಡು ಬೊಂಡ (ಎಳನೀರು) ಕೆತ್ತಿ ಕೊಡುತ್ತಿದ್ದ ನಮಗೆ, ಇನ್ನು ಅದನ್ನು ನಿಲ್ಲಿಸಿರಿ, ಬೊಂಡದ ನೀರಿನಲ್ಲಿ ಪೊಟ್ಯಾಸಿಯಮ್ ಬಹಳವಿದೆ, ಈಗ ಅದು ಮಿತಿಮೀರಿ ಏರುವುದೂ ಅಷ್ಟೇ ಅಪಾಯ ಎಂದರು. ಮನೆಯಂಗಳದಲ್ಲೇ ತೆಂಗಿರುವ ನಮ್ಮ ಊರಿನಲ್ಲಿ ಈ ಮಾತನ್ನು ಆ ಮದ್ದು ನುಂಗುವ ಎಲ್ಲ ರೋಗಿಗಳಿಗೂ ಬಾಯಿಬಿಟ್ಟು ಹೇಳಬೇಕಾಗಿದೆ. ಸ್ಪೈರೊನೊಲ್ಯಾಕ್ಟೋನ್ ಸೇರಿಸಿದ ಮುಂದಿನ ವಾರವೇ ಮತ್ತೊಮ್ಮೆ ರಕ್ತ ಪರೀಕ್ಷಿಸಿದರು, ಆಗ 4.3. ಈಗ ಅವರು ಹೇಳಿದ ದಿನಕ್ಕೆ ತಪ್ಪದೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಮ್ ಮೂರನ್ನೂ ನೋಡಿಸುತ್ತೇವೆ.

ಉಪ್ಪು ಕಡಿಮೆ ಮಾಡದೆ ಮಾತ್ರೆಯನ್ನು ಮಾತ್ರ ನಂಬಿದರೆ ಫಲ ಸಿಗದು. ಗಂಜಿಯ ಜೊತೆಗೆ ಮಿಡಿ ಉಪ್ಪಿನಕಾಯಿ ಬಿಡಿಸುವುದೇ ನಮಗೆ ಎಲ್ಲಕ್ಕಿಂತ ಕಷ್ಟವಾಯಿತು. ಈಗ ಅಪ್ಪ ಗಂಜಿಗೆ ಉಪ್ಪಿಲ್ಲದ ಕಾಯಿಚಟ್ನಿಗೆ ಲಿಂಬೆ ಹಿಂಡಿಕೊಳ್ಳುತ್ತಾರೆ. ಜೂನಿನಲ್ಲಿ ಎರಡು ದಿನ ಭೇದಿಯಾದಾಗ ಮೈ ಒಣಗಿ ಮೂತ್ರಪಿಂಡಕ್ಕೆ ಕಷ್ಟವಾದೀತೆಂದು ವೈದ್ಯರನ್ನು ಕೇಳಿಯೇ ಮಾತ್ರೆ ನಿಲ್ಲಿಸಿ, ಅವರನ್ನು ಕೇಳಿಯೇ ಮತ್ತೆ ಆರಂಭಿಸಿದೆವು.

ಕೊರತೆಯೆಂದರೆ ಸ್ಟ್ರಿಪ್ಪಿನದು. ನಮಗೆ ದೊರೆತದ್ದರಲ್ಲಿ ಅಕ್ಷರ ಸಾಸಿವೆಗಿಂತ ಸಣ್ಣದು, ಕನ್ನಡದ ಒಂದು ಪದವೂ ಇಲ್ಲ. ಮಲಯಾಳ ಓದಲು ಬಾರದ ಅಪ್ಪನಂತಹ ಹಿರಿಯರಿಗೆ ಆಸ್ಪತ್ರೆಯ ಮುದ್ರಿತ ಸೂಚನೆಯಿಂದಲೂ ಉಪಯೋಗವಿಲ್ಲ. ನಾವು ಮದ್ದು ತರುವ ಅಂಗಡಿಯ ಹುಡುಗಿ ಕೇಳದೆಯೇ ಡಬ್ಬಿಯ ಮೇಲೆ ‘ಬೆಳಗ್ಗೆ ಒಂದು, ರಾತ್ರಿ ಬೇಡ’ ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಕೊಟ್ಟದ್ದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಅಪ್ಪನ ಕಾಲು ಇಳಿದದ್ದನ್ನು ಕಂಡು ನೆರೆಮನೆಯ ದೊಡ್ಡಮ್ಮ, ‘ನನಗೂ ಬೀಗಿದೆ ಮಗಳೇ, ಎರಡು ಮಾತ್ರೆ ಕೊಡು’ ಎಂದು ಕೇಳಿದರು. ಕೊಡಲಿಲ್ಲ, ಅವರಿಗೆ ಬೇಸರವೂ ಆಯಿತು. ಮರುದಿನ ನಾನೇ ಜೊತೆಗೆ ಹೋಗಿ ತೋರಿಸಿದೆ. ಅವರು ರಕ್ತದೊತ್ತಡಕ್ಕೆ ನುಂಗುತ್ತಿದ್ದ ಅಮ್ಲೊಡಿಪಿನ್ನಿಂದಲೇ ಕಾಲು ಬೀಗಿತ್ತು, ಅಂತಹ ಬಾವು ನೀರಿಳಿಸುವ ಮಾತ್ರೆಗೆ ಸರಿಯಾಗಿ ಬಗ್ಗುವುದಿಲ್ಲವಂತೆ. ವೈದ್ಯರು ಆ ಮಾತ್ರೆಯನ್ನು ಬದಲಿಸಿಕೊಟ್ಟರು, ಮೂರು ವಾರಗಳಲ್ಲಿ ದೊಡ್ಡಮ್ಮನ ಕಾಲುಂಗುರ ಮತ್ತೆ ಸಲೀಸಾಗಿ ತಿರುಗತೊಡಗಿತು.